ಉಸಿರಿನ ದಾರಿ

ಹೇಳಿರಿ ನೋಡೋಣ

1. ಒಂದು ಹೊತ್ತು ಊಟವಿಲ್ಲದೆ ಇರಬಹುದು. ಉಸಿರಾಡದೆ ಎಷ್ಟು ಹೊತ್ತು ಇರಬಹುದು?
2. ಓಡಿ ಬಂದಾಗ ನಾವು ಏಕೆ ಏದುಸಿರು ಬಿಡುತ್ತೇವೆ?
3. ‘ಉಣ್ಣುವಾಗ ಮಾತಾಡಬೇಡ’ ಎಂದು ಮನೆಯ ಹಿರಿಯರು ಏಕೆ ಹೇಳುತ್ತಾರೆ?

ನೀವು ಊಟಕ್ಕೆ ಕುಳಿತಿದ್ದೀರಿ. ಬಾಯಲ್ಲಿ ರೊಟ್ಟಿ ಇದೆ. ತಮ್ಮ ಏನೋ ನಗೆಯ ಮಾತು ಹೇಳಿದ. ನೀವು ನಕ್ಕಿರಿ. ಒಮ್ಮೆಲೇ ಕೆಮ್ಮು ಬಂತು, ಕಣ್ಣಲ್ಲಿ ನೀರು ತುಂಬಿತು. ಆಗ ಅಜ್ಜಿ ತಲೆ ತಟ್ಟುತ್ತಾ, “ನೆತ್ತಿಗೆ ಹತ್ತಿತು ನೋಡು, ಯಾರೋ ನೆನೆಸಾಕತ್ತಾರ” ಎನ್ನುತ್ತಾಳೆ.

ನಿಜವಾಗಿಯೂ ರೊಟ್ಟಿಯ ತುಣುಕು ನೆತ್ತಿಗೆ ಹೋಯಿತೇ? ಇಲ್ಲ. ಅದು ಹೋಗಬೇಕಾದ ದಾರಿ ತಪ್ಪಿ ಉಸಿರಿನ ದಾರಿಗೆ ಇಣುಕಿತು. ಆ ದಾರಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ? ಬನ್ನಿರಿ, ಗಾಳಿಯ ಜೊತೆಗೆ ನಾವೂ ಹೋಗಿ ನೋಡೋಣ.

ಮೂಗು: ಮನೆಯ ಬಾಗಿಲು

ಗಾಳಿ ಮೂಗಿನ ಎರಡು ಹೊಳ್ಳೆಗಳಿಂದ ಒಳಗೆ ಬರುತ್ತದೆ. ಹೊಳ್ಳೆಗಳ ಒಳಗೆ ಸಣ್ಣ ಕೂದಲುಗಳಿವೆ. ಒಳಗೋಡೆಯ ಮೇಲೆ ಅಂಟಾದ ಲೋಳೆ ಇದೆ. ಗಾಳಿಯಲ್ಲಿಯ ಧೂಳು ಇವುಗಳಿಗೆ ಅಂಟಿಕೊಳ್ಳುತ್ತದೆ. ಜೋಳದ ರಾಶಿ ಮಾಡಿ ಬಂದ ದಿನ ಮೂಗು ಸೀನಿದರೆ ಸಿಂಬಳ ಕಪ್ಪಾಗಿರುವುದನ್ನು ನೀವು ನೋಡಿರಬಹುದು. ಆ ಧೂಳನ್ನೆಲ್ಲ ಮೂಗು ಬಾಗಿಲಲ್ಲಿಯೇ ತಡೆದಿರುತ್ತದೆ.

ಮೂಗು ಇನ್ನೂ ಎರಡು ಕೆಲಸ ಮಾಡುತ್ತದೆ. ಅದು ತಣ್ಣನೆಯ ಗಾಳಿಯನ್ನು ಬೆಚ್ಚಗೆ ಮಾಡುತ್ತದೆ; ಒಣ ಗಾಳಿಗೆ ತೇವ ಕೊಡುತ್ತದೆ. ಬಾಯಿಯಿಂದ ಉಸಿರಾಡಿದರೆ ಈ ಕೆಲಸಗಳು ಸರಿಯಾಗಿ ನಡೆಯುವುದಿಲ್ಲ. ಆದ್ದರಿಂದ ಯಾವಾಗಲೂ ಮೂಗಿನಿಂದಲೇ ಉಸಿರಾಡಬೇಕು.

ಗಂಟಲು: ದಾರಿ ಕವಲೊಡೆಯುವ ಸ್ಥಳ

ಮೂಗಿನಿಂದ ಗಾಳಿ ಗಂಟಲಿಗೆ ಬರುತ್ತದೆ. ಬಾಯಿಯಿಂದ ಅನ್ನವೂ ಅಲ್ಲಿಗೇ ಬರುತ್ತದೆ. ಗಂಟಲಿನಿಂದ ಕೆಳಗೆ ಎರಡು ದಾರಿಗಳಿವೆ. ಮುಂದಿನದು ಶ್ವಾಸನಾಳ, ಅದು ಗಾಳಿಯ ದಾರಿ. ಹಿಂದಿನದು ಅನ್ನನಾಳ, ಅದು ಅನ್ನ ನೀರಿನ ದಾರಿ.

ಹಾಗಾದರೆ ಅನ್ನ ಗಾಳಿಯ ದಾರಿಗೆ ಹೋಗದಂತೆ ನೋಡಿಕೊಳ್ಳುವವರು ಯಾರು? ಶ್ವಾಸನಾಳದ ಬಾಯಿಯ ಮೇಲೆ ಎಲೆಯ ಆಕಾರದ ಒಂದು ಚಿಕ್ಕ ಮುಚ್ಚಳವಿದೆ. ನಾವು ನುಂಗುವಾಗ ಧ್ವನಿಪೆಟ್ಟಿಗೆ ಮೇಲಕ್ಕೆ ಏಳುತ್ತದೆ, ಮುಚ್ಚಳ ಬಾಗಿ ಗಾಳಿಯ ದಾರಿಯನ್ನು ಮುಚ್ಚುತ್ತದೆ. ನುಂಗಿದ ಕೂಡಲೇ ಮತ್ತೆ ತೆರೆಯುತ್ತದೆ.

ಮಾಡಿ ನೋಡಿರಿ

ಗಂಟಲಿನ ಮುಂಭಾಗದಲ್ಲಿ ಎರಡು ಬೆರಳುಗಳನ್ನು ಮೆಲ್ಲಗೆ ಇಡಿರಿ. ಉಗುಳು ನುಂಗಿರಿ. ಬೆರಳಿನ ಕೆಳಗೆ ಏನೋ ಮೇಲೆ ಸರಿದು ಕೆಳಗೆ ಇಳಿಯಿತಲ್ಲವೇ? ಅದೇ ಧ್ವನಿಪೆಟ್ಟಿಗೆ. ಈಗ ‘ಅ’ ಎನ್ನಿರಿ. ಬೆರಳಿಗೆ ನಡುಕ ತಿಳಿಯುತ್ತದೆ. ನಮ್ಮ ಧ್ವನಿ ಹುಟ್ಟುವುದು ಅಲ್ಲಿಯೇ. ಈಗ ನುಂಗುವ ಹೊತ್ತಿನಲ್ಲಿಯೇ ಉಸಿರೆಳೆಯಲು ನೋಡಿರಿ. ಆಗುತ್ತದೆಯೇ?

ಆಗುವುದಿಲ್ಲ! ನುಂಗುವಾಗ ಉಸಿರು ತಾನಾಗಿಯೇ ನಿಲ್ಲುತ್ತದೆ. ಆದರೆ ನಗುವಾಗ, ಮಾತಾಡುವಾಗ ಗಾಳಿಯ ದಾರಿ ತೆರೆದಿರುತ್ತದೆ. ಆಗಲೇ ಬಾಯಲ್ಲಿ ತುತ್ತು ಇದ್ದರೆ ಅದರ ತುಣುಕು ಅಲ್ಲಿಗೆ ಜಾರಬಹುದು. ಕೂಡಲೇ ಕೆಮ್ಮು ಬಂದು ಅದನ್ನು ಹೊರಗೆ ತಳ್ಳುತ್ತದೆ. ಕೆಮ್ಮು ನಮ್ಮ ಕಾವಲುಗಾರ.

ಶ್ವಾಸನಾಳ ಮತ್ತು ಶ್ವಾಸಕೋಶಗಳು

ದೊಡ್ಡವರಲ್ಲಿ ಶ್ವಾಸನಾಳವು ಸುಮಾರು 10 ರಿಂದ 12 ಸೆಂಟಿಮೀಟರ್ ಉದ್ದವಿರುತ್ತದೆ. ಅದರ ಗೋಡೆಯಲ್ಲಿ ಮೃದ್ವಸ್ಥಿಯ ಅರೆಬಳೆಗಳಿವೆ. ಕಿವಿಯ ಹಾಲೆಯ ಮೇಲ್ಭಾಗವನ್ನು ಮುಟ್ಟಿ ನೋಡಿರಿ; ಬಾಗುತ್ತದೆ, ಆದರೆ ಮುರಿಯುವುದಿಲ್ಲ. ಅದೂ ಮೃದ್ವಸ್ಥಿಯೇ. ಈ ಬಳೆಗಳಿರುವುದರಿಂದ ನಾವು ಕತ್ತು ಹೇಗೆ ತಿರುಗಿಸಿದರೂ ಗಾಳಿಯ ದಾರಿ ಮುಚ್ಚಿಕೊಳ್ಳುವುದಿಲ್ಲ.

ಶ್ವಾಸನಾಳದ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಅವು ಗಾಳಿಗೆ ತೂಗುವ ಪೈರಿನಂತೆ ಸದಾ ಅಲುಗುತ್ತವೆ; ಧೂಳು ಅಂಟಿದ ಲೋಳೆಯನ್ನು ಮೇಲಕ್ಕೆ, ಗಂಟಲಿನ ಕಡೆಗೆ ಸಾಗಿಸುತ್ತವೆ. ಬೀಡಿ ಸಿಗರೇಟಿನ ಹೊಗೆಯಿಂದ ಈ ರೋಮಗಳ ಕೆಲಸ ಕೆಡುತ್ತದೆ. ಬಹಳ ದಿನ ಸೇದಿದವರಿಗೆ ಬೆಳಿಗ್ಗೆ ಎದ್ದ ಕೂಡಲೇ ಕೆಮ್ಮು ಬರಲು ಇದೂ ಒಂದು ಕಾರಣ.

ಎದೆಯಲ್ಲಿ ಶ್ವಾಸನಾಳ ಎರಡಾಗಿ ಕವಲೊಡೆಯುತ್ತದೆ. ಒಂದು ಕವಲು ಬಲ ಶ್ವಾಸಕೋಶಕ್ಕೆ, ಇನ್ನೊಂದು ಎಡ ಶ್ವಾಸಕೋಶಕ್ಕೆ ಹೋಗುತ್ತದೆ. ಶ್ವಾಸಕೋಶಕ್ಕೆ ಪುಪ್ಪುಸ ಎಂದೂ ಹೇಳುತ್ತಾರೆ. ಬಲ ಶ್ವಾಸಕೋಶದಲ್ಲಿ ಮೂರು ಭಾಗಗಳಿವೆ, ಎಡದಲ್ಲಿ ಎರಡು. ಎಡಗಡೆಗೆ ಹೃದಯಕ್ಕೂ ಸ್ಥಳ ಬೇಕಲ್ಲವೇ?

ಶ್ವಾಸಕೋಶದೊಳಗೆ ಈ ಕವಲುಗಳು ಮತ್ತೆ ಮತ್ತೆ ಕವಲೊಡೆಯುತ್ತವೆ. ಬೇವಿನ ಮರವನ್ನು ತಲೆಕೆಳಗು ಮಾಡಿದಂತೆ ನೆನೆಸಿಕೊಳ್ಳಿರಿ. ಬೊಡ್ಡೆ ಎಂದರೆ ಶ್ವಾಸನಾಳ. ಟೊಂಗೆಗಳು ಸಣ್ಣ ನಾಳಗಳು. ಎಲೆಗಳಿರುವ ಕಡೆ ದ್ರಾಕ್ಷಿಯ ಗೊಂಚಲಿನಂತಹ ಗಾಳಿಚೀಲಗಳಿವೆ. ಇವುಗಳಿಗೆ ವಾಯುಕೋಶಗಳು ಎನ್ನುತ್ತಾರೆ. ದೊಡ್ಡವರ ಶ್ವಾಸಕೋಶಗಳಲ್ಲಿ 30 ಕೋಟಿಗೂ ಹೆಚ್ಚು ವಾಯುಕೋಶಗಳಿರುತ್ತವೆ.

ವಾಯುಕೋಶದಲ್ಲಿ ಕೊಡುಕೊಳ್ಳುವಿಕೆ

ವಾಯುಕೋಶದ ಗೋಡೆ ಬಹಳ ತೆಳುವಾಗಿದೆ. ಅದರ ಸುತ್ತಲೂ ಕೂದಲಿಗಿಂತ ಸಣ್ಣ ರಕ್ತನಾಳಗಳ ಬಲೆ ಇದೆ. ಒಳಗೆ ಬಂದ ಗಾಳಿಯಲ್ಲಿಯ ಆಕ್ಸಿಜನ್ ಗೋಡೆ ದಾಟಿ ರಕ್ತಕ್ಕೆ ಸೇರುತ್ತದೆ. ಕೆಂಪು ರಕ್ತಕಣಗಳಲ್ಲಿರುವ ಹಿಮೋಗ್ಲೋಬಿನ್ ಅದನ್ನು ಹೊತ್ತು ಇಡೀ ಶರೀರಕ್ಕೆ ತಲುಪಿಸುತ್ತದೆ. ರಕ್ತ ಹೊತ್ತು ತಂದ ಕಾರ್ಬನ್ ಡೈ ಆಕ್ಸೈಡ್ ವಾಯುಕೋಶಕ್ಕೆ ಬಂದು ಉಸಿರಿನೊಂದಿಗೆ ಹೊರಗೆ ಹೋಗುತ್ತದೆ.

ಒಳಗೆಳೆಯುವ ಗಾಳಿಯ 100 ಭಾಗಗಳಲ್ಲಿ ಆಕ್ಸಿಜನ್ ಸುಮಾರು 21 ಭಾಗ ಇರುತ್ತದೆ. ಹೊರಬಿಡುವ ಗಾಳಿಯಲ್ಲಿ ಅದು ಸುಮಾರು 16 ಭಾಗಕ್ಕೆ ಇಳಿದಿರುತ್ತದೆ. ಕಾರ್ಬನ್ ಡೈ ಆಕ್ಸೈಡ್ ಒಂದು ಭಾಗಕ್ಕಿಂತಲೂ ಬಹಳ ಕಡಿಮೆ ಇದ್ದುದು ಸುಮಾರು 4 ಭಾಗ ಆಗಿರುತ್ತದೆ.

ಈ ಆಕ್ಸಿಜನ್ ಏಕೆ ಬೇಕು? ಒಲೆಯಲ್ಲಿ ಉರಿ ಆರುತ್ತಿದ್ದರೆ ಅವ್ವ ಊದುಗೊಳವೆಯಿಂದ ಊದುತ್ತಾಳೆ. ಗಾಳಿ ಸಿಕ್ಕ ಕೂಡಲೇ ಉರಿ ಏಳುತ್ತದೆ. ನಮ್ಮ ಶರೀರದ ಜೀವಕೋಶಗಳಲ್ಲಿಯೂ ಅನ್ನದ ಅಂಶಗಳು ಆಕ್ಸಿಜನ್ನಿನೊಂದಿಗೆ ಸೇರಿ ಶಕ್ತಿ ಸಿಗುತ್ತದೆ. ಆದರೆ ಇಲ್ಲಿ ಉರಿ ಇಲ್ಲ, ಹೊಗೆ ಇಲ್ಲ. ಕೆಲಸ ಮೆಲ್ಲಗೆ ನಡೆಯುತ್ತದೆ. ಓಡುವಾಗ ಹೆಚ್ಚು ಶಕ್ತಿ ಬೇಕು, ಆದ್ದರಿಂದ ಉಸಿರಾಟವೂ ಜೋರಾಗುತ್ತದೆ.

ಗಾಳಿ ಒಳಗೆ ಹೇಗೆ ಬರುತ್ತದೆ?

ಶ್ವಾಸಕೋಶಗಳು ತಾವೇ ಹಿಗ್ಗಲಾರವು. ಅವುಗಳ ಕೆಳಗೆ, ಎದೆ ಮತ್ತು ಹೊಟ್ಟೆಯ ನಡುವೆ, ಕಮಾನಿನಂತಹ ಒಂದು ಸ್ನಾಯುವಿನ ಪರದೆ ಇದೆ. ಅದರ ಹೆಸರು ವಪೆ. ವಪೆ ಕೆಳಗೆ ಸರಿದಾಗ, ಪಕ್ಕೆಲುಬುಗಳು ಮೇಲೆದ್ದಾಗ ಎದೆಯ ಗೂಡು ದೊಡ್ಡದಾಗುತ್ತದೆ. ಆಗ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಇದು ಉಚ್ಛ್ವಾಸ. ವಪೆ ಮೇಲೆ ಬಂದಾಗ, ಪಕ್ಕೆಲುಬುಗಳು ಇಳಿದಾಗ ಗಾಳಿ ಹೊರಗೆ ಹೋಗುತ್ತದೆ. ಇದು ನಿಶ್ವಾಸ. ದೊಡ್ಡವರು ಸುಮ್ಮನೆ ಕುಳಿತಾಗ ಒಂದು ಉಸಿರಿಗೆ ಸುಮಾರು ಅರ್ಧ ಲೀಟರ್ ಗಾಳಿ ತೆಗೆದುಕೊಳ್ಳುತ್ತಾರೆ.

ಮಾಡಿ ನೋಡಿರಿ

ದೊಡ್ಡವರ ಸಹಾಯದಿಂದ ಒಂದು ಪ್ಲಾಸ್ಟಿಕ್ ಬಾಟಲಿಯ ತಳವನ್ನು ಕತ್ತರಿಸಿರಿ. ಒಂದು ಬಲೂನನ್ನು ಬಾಟಲಿಯೊಳಗೆ ಇಳಿಬಿಟ್ಟು ಅದರ ಬಾಯಿಯನ್ನು ಬಾಟಲಿಯ ಬಾಯಿಗೆ ಸಿಕ್ಕಿಸಿರಿ. ಇನ್ನೊಂದು ಬಲೂನನ್ನು ಅರ್ಧಕ್ಕೆ ಕತ್ತರಿಸಿ, ಗಾಳಿ ಹೋಗದಂತೆ ತಳಕ್ಕೆ ಬಿಗಿಯಾಗಿ ಕಟ್ಟಿರಿ. ಕೆಳಗಿನ ರಬ್ಬರನ್ನು ಮೆಲ್ಲಗೆ ಎಳೆಯಿರಿ, ಬಿಡಿರಿ. ಒಳಗಿನ ಬಲೂನಿಗೆ ಏನಾಯಿತು? ಇದರಲ್ಲಿ ವಪೆ ಯಾವುದು, ಶ್ವಾಸಕೋಶ ಯಾವುದು?

ನಿಮಗೆ ಗೊತ್ತೇ?

ಹಠ ಹಿಡಿದು ಉಸಿರು ಬಿಗಿಹಿಡಿದರೂ ಸ್ವಲ್ಪ ಹೊತ್ತಿಗೆ ಬಿಡಲೇಬೇಕಾಗುತ್ತದೆ. ರಕ್ತದಲ್ಲಿ ಕಾರ್ಬನ್ ಡೈ ಆಕ್ಸೈಡ್ ಹೆಚ್ಚಿದ ಕೂಡಲೇ ಮೆದುಳು ‘ಉಸಿರಾಡು’ ಎಂದು ಆಜ್ಞೆ ಕೊಡುತ್ತದೆ. ನಾವು ಮಲಗಿದಾಗಲೂ ಮೆದುಳು ಈ ಕೆಲಸವನ್ನು ಮರೆಯುವುದಿಲ್ಲ.

ಪುಟ್ಟ ತಮ್ಮನ ಕೈಯಲ್ಲಿ ಶೇಂಗಾ

ನಮ್ಮ ಸೊಲ್ಲಾಪುರದ ಕಡೆ ಶೇಂಗಾ ಇಲ್ಲದ ಮನೆ ಇಲ್ಲ. ನೀವು ಹುರಿದ ಶೇಂಗಾ ತಿನ್ನುತ್ತೀರಿ. ಪುಟ್ಟ ತಮ್ಮನೋ ತಂಗಿಯೋ ಕೈ ಚಾಚುತ್ತದೆ. ನೀವು ಪ್ರೀತಿಯಿಂದ ನಾಲ್ಕು ಕಾಳು ಕೊಡುತ್ತೀರಿ. ನಿಲ್ಲಿರಿ!

ಚಿಕ್ಕ ಮಗುವಿಗೆ ಅರೆಯುವ ಹಲ್ಲುಗಳು ಪೂರ್ತಿ ಬಂದಿರುವುದಿಲ್ಲ. ಅದು ಓಡುತ್ತಾ, ನಗುತ್ತಾ, ಅಳುತ್ತಾ ತಿನ್ನುತ್ತದೆ. ಅದರ ಶ್ವಾಸನಾಳವೂ ಬಹಳ ಕಿರಿದು. ಒಂದೇ ಕಾಳು ಜಾರಿದರೂ ಗಾಳಿಯ ದಾರಿ ಮುಚ್ಚಬಹುದು. ಒಳಗೆ ಉಳಿದ ಕಾಳು ತೇವದಿಂದ ಉಬ್ಬುತ್ತದೆ. ಆದ್ದರಿಂದ ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ, ಪುಟಾಣಿ, ಬಟಾಣಿ ಕೊಡಬಾರದು. ನುಣ್ಣಗೆ ಪುಡಿ ಮಾಡಿ ಅನ್ನದಲ್ಲಿ ಕಲಸಿ ಕೊಡಬಹುದು. ಗುಂಡಿ, ಹುಣಿಸೆ ಬೀಜ, ಗೋಲಿಗಳೂ ಅವರ ಕೈಗೆ ಸಿಗಬಾರದು.

ಹೀಗಾದರೆ ಏನು ಮಾಡಬೇಕು?

• ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿರಿ. ನೀರು ಕುಡಿಸಬೇಡಿರಿ. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಬೇಡಿರಿ.
• ಮಗುವಿಗೆ ಕೆಮ್ಮಲು, ಅಳಲು ಆಗದಿದ್ದರೆ, ತುಟಿ ನೀಲಿಯಾದರೆ ಕೂಡಲೇ ಕೂಗಿ ದೊಡ್ಡವರನ್ನು ಕರೆಯಿರಿ. ಅವರು ಮಗುವನ್ನು ಮುಂದಕ್ಕೆ ಬಾಗಿಸಿ, ಬೆನ್ನಿನ ಮೇಲೆ ಎರಡು ಹೆಗಲುಗಳ ನಡುವೆ ಅಂಗೈಯ ಬುಡದಿಂದ ಐದು ಸಾರಿ ಬಿರುಸಾಗಿ ತಟ್ಟಬೇಕು.
• ಇನ್ನೊಬ್ಬರು ಅದೇ ಹೊತ್ತಿಗೆ 108ಕ್ಕೆ ಫೋನು ಮಾಡಬೇಕು.
• ಕೆಮ್ಮು ನಿಂತ ಮೇಲೂ ಉಸಿರಿನಲ್ಲಿ ಸುಯ್ ಸುಯ್ ಸದ್ದು ಇದ್ದರೆ ಕಾಳು ಒಳಗೇ ಇರಬಹುದು. ಡಾಕ್ಟರರಿಗೆ ತೋರಿಸಲೇಬೇಕು.

ಮನೆಯವರು ಹೊಲಕ್ಕೆ ಹೋದಾಗ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವವರು ನೀವೇ ಅಲ್ಲವೇ? ಆದ್ದರಿಂದ ಈ ಮಾತು ನಿಮಗೆ ತಿಳಿದಿರಬೇಕು. ಅಜ್ಜಿಗೂ ಹೇಳಿರಿ: ನೆತ್ತಿಗೆ ಹತ್ತಿದಾಗ ತಲೆ ತಟ್ಟಿದರೆ ಸಾಲದು, ಉಸಿರಿನ ದಾರಿ ತೆರೆದಿದೆಯೇ ಎಂದು ನೋಡಬೇಕು.

ನಾವೇನು ಕಲಿತೆವು?

• ಗಾಳಿಯ ದಾರಿ: ಮೂಗು – ಗಂಟಲು – ಧ್ವನಿಪೆಟ್ಟಿಗೆ – ಶ್ವಾಸನಾಳ – ಕವಲುಗಳು – ವಾಯುಕೋಶಗಳು.
• ವಾಯುಕೋಶದಲ್ಲಿ ಆಕ್ಸಿಜನ್ ರಕ್ತಕ್ಕೆ ಸೇರುತ್ತದೆ, ಕಾರ್ಬನ್ ಡೈ ಆಕ್ಸೈಡ್ ಹೊರಗೆ ಬರುತ್ತದೆ.
• ವಪೆ ಮತ್ತು ಪಕ್ಕೆಲುಬುಗಳ ಚಲನೆಯಿಂದ ಉಸಿರಾಟ ನಡೆಯುತ್ತದೆ.
• ಚಿಕ್ಕ ಮಕ್ಕಳಿಗೆ ಇಡೀ ಕಾಳುಗಳನ್ನು ಕೊಡಬಾರದು.

ಸ್ವಾಧ್ಯಾಯ

1. ಬಿಟ್ಟ ಸ್ಥಳ ತುಂಬಿರಿ.
(ಅ) ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆಗೆ ………… ಎನ್ನುತ್ತಾರೆ.
(ಆ) ಎಡ ಶ್ವಾಸಕೋಶದಲ್ಲಿ ………… ಭಾಗಗಳಿವೆ.

2. ಕಾರಣ ಕೊಡಿರಿ.
(ಅ) ಮೂಗಿನಿಂದಲೇ ಉಸಿರಾಡಬೇಕು.
(ಆ) ಊಟ ಮಾಡುವಾಗ ಮಾತಾಡಬಾರದು.

3. ಒಂದೆರಡು ವಾಕ್ಯಗಳಲ್ಲಿ ಉತ್ತರಿಸಿರಿ.
(ಅ) ಶ್ವಾಸನಾಳದ ಗೋಡೆಯಲ್ಲಿ ಅರೆಬಳೆಗಳು ಇರದಿದ್ದರೆ ಏನಾಗುತ್ತಿತ್ತು?
(ಆ) ‘ಕೆಮ್ಮು ನಮ್ಮ ಕಾವಲುಗಾರ’ ಎಂದು ಏಕೆ ಹೇಳಿದೆ?

ಉಪಕ್ರಮ

ಸುಮ್ಮನೆ ಕುಳಿತಾಗ ಒಂದು ನಿಮಿಷಕ್ಕೆ ಎಷ್ಟು ಸಾರಿ ಉಸಿರಾಡುತ್ತೀರಿ ಎಂದು ಗೆಳೆಯನಿಂದ ಎಣಿಸಿರಿ. ಅಂಗಳದಲ್ಲಿ ಓಡಿ ಬಂದು ಮತ್ತೆ ಎಣಿಸಿರಿ. ಮನೆಯಲ್ಲಿ ಅಜ್ಜ ಅಥವಾ ಅಜ್ಜಿಯದನ್ನೂ, ಪುಟ್ಟ ಮಗುವಿನದನ್ನೂ ಎಣಿಸಿ ವಹಿಯಲ್ಲಿ ಬರೆಯಿರಿ. ಯಾರ ಉಸಿರಾಟ ಹೆಚ್ಚು? ವರ್ಗದಲ್ಲಿ ಚರ್ಚಿಸಿರಿ.