ಕೆಲಸದ ನಾಯಿಯನ್ನು ಮನೆಗೆ ತರುವ ಮುನ್ನ

ಮಗಳೇ, ಬಾರ್ಡರ್ ಕೋಲಿ ಮರಿಯೊಂದನ್ನು ತರಬೇಕೆಂದು ನಿನಗೆ ಆಸೆಯಾಗಿದೆ. ಮೊಬೈಲಿನಲ್ಲಿ ನೋಡಿದ ವಿಡಿಯೊಗಳು ಆ ಆಸೆಗೆ ಕಾರಣವೆಂದು ಬಲ್ಲೆ. ಕಪ್ಪು ಬಿಳುಪು ಮೈ, ಹೊಳೆಯುವ ಕಣ್ಣು, ಹೇಳಿದ್ದನ್ನು ಥಟ್ಟನೆ ಮಾಡುವ ಚುರುಕು. ಜಗತ್ತಿನ ಅತಿ ಬುದ್ಧಿವಂತ ನಾಯಿ ಎಂಬ ಹೊಗಳಿಕೆ ಬೇರೆ. ಪಶುವೈದ್ಯನಾಗಿ ಬದುಕು ಸವೆಸಿದ ನಾನು ನಿನಗೆ ಬೇಡ ಎನ್ನುವುದಿಲ್ಲ, ತಂದುಬಿಡು ಎಂದೂ ಹೇಳುವುದಿಲ್ಲ. ಆ ಬುದ್ಧಿ ಎಷ್ಟಿದೆ ಎಂದು ಕೇಳುವ ಮೊದಲು, ಅದು ಯಾವ ಕೆಲಸಕ್ಕಾಗಿ ಬಂತು ಎಂದು ಕೇಳು. ಅದು ತಿಳಿದರೆ ಈ ನಾಯಿಯ ಆರೈಕೆ ಅರ್ಧ ತಿಳಿದಂತೆ.

ಈ ತಳಿಯ ತವರು ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಗಡಿಸೀಮೆ. ಚೆವಿಯಟ್ ಗುಡ್ಡಗಳ ಆ ನಾಡಿನಲ್ಲಿ ಕುರಿಗಳು ಬೇಲಿಯಿಲ್ಲದ ಇಳಿಜಾರುಗಳ ಮೇಲೆ ಚದುರಿ ಮೇಯುತ್ತವೆ. ಉಣ್ಣೆ ಕತ್ತರಿಸಲು, ಮರಿ ಬಿಡಿಸಲು, ಹಿಮ ಬೀಳುವ ಮುನ್ನ ಕೆಳಗಿಳಿಸಲು ಅವನ್ನೆಲ್ಲ ಒಂದೆಡೆ ಕೂಡಿಸಬೇಕು. ಮನುಷ್ಯನೊಬ್ಬ ದಿನವಿಡೀ ಗುಡ್ಡ ಹತ್ತಿಳಿದರೂ ಆಗದ ಕೆಲಸ ಅದು. ನಮ್ಮ ಕುರುಬರ ನಾಯಿಯ ಕೆಲಸವೇ ಬೇರೆ. ಇಲ್ಲಿ ಕುರಿಗಾರ ಮಂದೆಯ ಜೊತೆಗೇ ನಡೆಯುತ್ತಾನೆ, ಕೂಗಿಗೂ ಕೋಲಿಗೂ ಕುರಿ ಹೊರಳುತ್ತದೆ. ನಾಯಿ ರಾತ್ರಿ ಹಟ್ಟಿಯ ಸುತ್ತ ಎಚ್ಚರವಿದ್ದು ತೋಳವನ್ನು ತಡೆಯಬೇಕು. ಅಲ್ಲಿಯಾದರೋ ತೋಳಗಳು ಯಾವ ಕಾಲಕ್ಕೋ ಅಳಿದುಹೋಗಿದ್ದವು. ಕಾವಲಿಗೆ ಬೇಕಾದ ದಪ್ಪ ಮೈಕಟ್ಟು ಬೇಡವಾಯಿತು. ಹಗುರ ಮೈ, ಬತ್ತದ ದಮ್ಮು, ದೂರದಿಂದಲೇ ಯಜಮಾನನ ಮಾತು ಕೇಳುವ ಕಿವಿ, ಇವಿಷ್ಟು ಸಾಕಾಯಿತು. ಈ ನಾಯಿ ಹದಿನೈದು ಇಪ್ಪತ್ತು ಕಿಲೊ ತೂಗುವ ಮಧ್ಯಮ ಗಾತ್ರದ್ದಾಗಿರುವುದೂ ಅದಕ್ಕೇ.

ಆ ಸೀಮೆಯ ಎಟ್ರಿಕ್‌ನಲ್ಲಿ ಜೇಮ್ಸ್ ಹಾಗ್ ಎಂಬ ಕುರುಬನಿದ್ದ. ಮುಂದೆ ಕವಿಯಾಗಿ ಹೆಸರಾದ. ದನಕುರಿ ಸಾಗಿಸುವವನೊಬ್ಬ ಹಗ್ಗ ಕಟ್ಟಿ ಎಳೆದೊಯ್ಯುತ್ತಿದ್ದ ಬಡಕಲು ನಾಯಿಯೊಂದನ್ನು ಅವನು ಒಂದು ಗಿನಿ ಕೊಟ್ಟು ಕೊಂಡ. ಹೆಸರು ಸಿರ್ರಾ. ಅದು ಅದುವರೆಗೆ ಒಂದು ಕುರಿಯನ್ನೂ ತಿರುಗಿಸಿರಲಿಲ್ಲ. ಆಗಿನ್ನೂ ಬಾರ್ಡರ್ ಕೋಲಿ ಎಂಬ ಹೆಸರಿನ ತಳಿ ಹುಟ್ಟಿರಲಿಲ್ಲ, ಆದರೆ ಇವುಗಳ ಪೂರ್ವಜರು ಅಂಥ ನಾಯಿಗಳೇ. ಒಮ್ಮೆ ತಾಯಿಯಿಂದ ಬಿಡಿಸಿದ ಸುಮಾರು 700 ಮರಿಗಳು ನಡುರಾತ್ರಿ ಬೆದರಿ ಮೂರು ದಿಕ್ಕಿಗೆ ಚೆಲ್ಲಾಪಿಲ್ಲಿಯಾದವು. ಕತ್ತಲೆಯಲ್ಲಿ ನಾಯಿಯೂ ಕಣ್ಮರೆಯಾಯಿತು. ಹಾಗ್ ಮತ್ತು ಜೊತೆಗಾರ ಬೆಳಗಿನ ತನಕ ಹುಡುಕಿ ಸೋತರು. ನಸುಕಿನಲ್ಲಿ ನೋಡಿದರೆ ಕಣಿವೆಯ ತಳದಲ್ಲಿ ಮರಿಗಳ ಗುಂಪು ನಿಂತಿದೆ, ಎದುರಿಗೆ ಸಿರ್ರಾ ಕಾಯುತ್ತಿದೆ. ಮೂರರಲ್ಲಿ ಒಂದು ಪಾಲಾದರೂ ಸಿಕ್ಕಿತಲ್ಲ ಎಂದುಕೊಂಡು ಹತ್ತಿರ ಹೋದರೆ, ಅಷ್ಟೂ ಮರಿಗಳಿದ್ದವು. ಒಂದೂ ತಪ್ಪಿರಲಿಲ್ಲ. ಇದನ್ನು ಹಾಗ್ ತಾನೇ ಬರೆದಿಟ್ಟಿದ್ದಾನೆ. ನಾಯಿಯ ನಿಷ್ಠೆಗಾಗಿ ಈ ಪ್ರಸಂಗವನ್ನು ಎಲ್ಲರೂ ಹೊಗಳುತ್ತಾರೆ. ನೀನು ಗಮನಿಸಬೇಕಾದದ್ದು ಇನ್ನೊಂದಿದೆ. ಆ ರಾತ್ರಿ ಅದಕ್ಕೆ ಹೀಗೆ ಮಾಡು ಎಂದು ಹೇಳುವವರು ಯಾರೂ ಜೊತೆಗಿರಲಿಲ್ಲ. ಯಾವ ಮರಿ ಎಲ್ಲಿ, ಮೊದಲು ಯಾವುದು, ಆಮೇಲೆ ಯಾವುದು ಎಂದು ಅದು ತಾನೇ ಹೂಡಿಕೊಂಡಿತು. ನೀನು ಮನೆಗೆ ತರಬೇಕೆಂದಿರುವುದು ಅಂಥ ತಲೆಯನ್ನು.

ಇಂದಿನ ತಳಿಗೆ ಮೂಲಪುರುಷನೆಂದು ಹೇಳುವುದು ಓಲ್ಡ್ ಹೆಂಪ್ ಎಂಬ ನಾಯಿಯನ್ನು. 1893ರಲ್ಲಿ ನಾರ್ತಂಬರ್‌ಲ್ಯಾಂಡಿನ ಆಡಮ್ ಟೆಲ್ಫರ್ ಎಂಬುವನ ಕೈಯಲ್ಲಿ ಹುಟ್ಟಿತು. ತಂದೆ ರಾಯ್ ಸ್ನೇಹದ ಸ್ವಭಾವದ್ದು, ಕುರಿಯ ಮೇಲೆ ಕಣ್ಣಿನ ಹಿಡಿತ ಕಡಿಮೆ. ತಾಯಿ ಮೆಗ್ ನಾಚಿಕೆಯದು, ಆದರೆ ಅದರ ನೋಟಕ್ಕೆ ಕುರಿಗಳು ನಿಂತಲ್ಲೇ ನಿಲ್ಲುತ್ತಿದ್ದವು. ಎರಡರ ಗುಣ ಹದವಾಗಿ ಬೆರೆತು ಹೆಂಪ್ ಬಂತು. ಬೊಗಳದೆ, ಕಚ್ಚದೆ, ಸದ್ದಿಲ್ಲದೆ ಕುರಿಯನ್ನು ನಡೆಸುವ ಅದರ ರೀತಿ ಕಂಡು ಸುತ್ತಲ ಕುರುಬರೆಲ್ಲ ಅದರ ಸಂತಾನಕ್ಕೆ ಮುಗಿಬಿದ್ದರು. 1901ರಲ್ಲಿ ಸಾಯುವಷ್ಟರಲ್ಲಿ ಇನ್ನೂರಕ್ಕೂ ಹೆಚ್ಚು ಮರಿಗಳಿಗೆ ತಂದೆಯಾಗಿತ್ತು ಎನ್ನುತ್ತಾರೆ. ಇಂದಿನ ಹೆಚ್ಚುಕಡಿಮೆ ಎಲ್ಲ ಬಾರ್ಡರ್ ಕೋಲಿಗಳ ವಂಶವೂ ಅದನ್ನೇ ಮುಟ್ಟುತ್ತದೆ.

ಬ್ರಿಟನ್ನಿನಲ್ಲಿ ಕುರಿನಾಯಿಗಳ ಪಂದ್ಯ ಇದಕ್ಕೂ ಮೊದಲೇ, 1873ರಲ್ಲಿ, ವೇಲ್ಸ್‌ನ ಬಾಲಾದಲ್ಲಿ ಶುರುವಾಗಿತ್ತು. 1906ರಲ್ಲಿ ಸ್ಕಾಟ್ಲೆಂಡಿನ ಹ್ಯಾಡಿಂಗ್ಟನ್‌ನಲ್ಲಿ ಅಂತರರಾಷ್ಟ್ರೀಯ ಕುರಿನಾಯಿ ಸಂಘ ಹುಟ್ಟಿತು. ಬಾರ್ಡರ್ ಕೋಲಿ ಎಂಬ ಹೆಸರನ್ನು 1915ರಲ್ಲಿ ಬಳಕೆಗೆ ತಂದವನು ಅದರ ಕಾರ್ಯದರ್ಶಿ ಜೇಮ್ಸ್ ರೀಡ್. ಆ ಸಂಘದವರಿಗೆ ನಾಯಿಯ ಚೆಲುವು ಮುಖ್ಯವಲ್ಲ. ಕಿವಿ ನೆಟ್ಟಗಿರಲಿ, ಜೋತಿರಲಿ, ಬಣ್ಣ ಯಾವುದೇ ಇರಲಿ, ಕುರಿಯೊಂದಿಗೆ ಹೇಗೆ ದುಡಿಯುತ್ತದೆ ಎಂಬುದೇ ಅಳತೆಗೋಲು. ಕಾಗದಪತ್ರವಿಲ್ಲದ ನಾಯಿಯನ್ನೂ ಕೆಲಸ ನೋಡಿ ನೋಂದಾಯಿಸಿಕೊಳ್ಳುವ ಪದ್ಧತಿ ಅಲ್ಲಿದೆ. ಬ್ರಿಟನ್ನಿನ ಕೆನಲ್ ಕ್ಲಬ್ ಈ ತಳಿಯನ್ನು ಪ್ರದರ್ಶನಕ್ಕೆ ಸೇರಿಸಿಕೊಂಡದ್ದು 1976ರಲ್ಲಿ, ಅಮೆರಿಕದ್ದು 1995ರಲ್ಲಿ. ಅಮೆರಿಕದಲ್ಲಿ ಇದನ್ನು ತಡೆಯಲು ದುಡಿಯುವ ನಾಯಿಗಳನ್ನು ಸಾಕುವವರು ದೊಡ್ಡ ಹೋರಾಟವನ್ನೇ ಮಾಡಿದರು. ರೂಪ ನೋಡಿ ತಳಿ ಬೆಳೆಸತೊಡಗಿದರೆ ತಲೆ ಕೆಡುತ್ತದೆ ಎಂಬ ಅವರ ಭಯ ನ್ಯಾಯವಾದದ್ದೇ.

ಈಗ ಇದು ದುಡಿಯುವ ಬಗೆಯನ್ನು ನೋಡು. ಕುರುಬನ ಕಾಲಬುಡದಿಂದ ಹೊರಟ ನಾಯಿ ಕುರಿಗಳ ಕಡೆ ನೇರ ಓಡುವುದಿಲ್ಲ. ದೊಡ್ಡ ಬಳಸು ಹಾಕಿ, ಅವು ಬೆದರದಂತೆ ಹಿಂಬದಿಗೆ ಹೋಗುತ್ತದೆ. ಅಲ್ಲಿ ತಲೆ ತಗ್ಗಿಸಿ, ಬಾಲ ಇಳಿಬಿಟ್ಟು, ಮೈಯನ್ನು ನೆಲಕ್ಕೆ ಹತ್ತಿಸಿಕೊಂಡು ಒಂದೊಂದೇ ಹೆಜ್ಜೆ ಇಡುತ್ತದೆ. ಮುಂಗಾಲೊಂದು ಎತ್ತಿದ್ದು ಎತ್ತಿದಂತೆಯೇ ನಿಂತಿರುತ್ತದೆ, ರೆಪ್ಪೆ ಅಲುಗದು. ಕುರಿ ತಿರುಗಿ ನಡೆಯತೊಡಗುತ್ತದೆ. ಸೀಟಿಯ ಒಂದು ರಾಗಕ್ಕೆ ಎಡದಿಂದ ಬಳಸುತ್ತದೆ, ಇನ್ನೊಂದಕ್ಕೆ ಬಲದಿಂದ, ಮತ್ತೊಂದಕ್ಕೆ ಇದ್ದಲ್ಲೇ ಮಲಗುತ್ತದೆ. ಇದು ತೋಳದ ಬೇಟೆಯೇ ಹೌದು. ಗುರುತಿಸುವುದು, ದಿಟ್ಟಿಸುವುದು, ಹೊಂಚುವುದು, ಬೆನ್ನಟ್ಟುವುದು ಎಲ್ಲವೂ ಇವೆ. ಕೊಲ್ಲುವ ಕೊನೆಯ ಹೆಜ್ಜೆಯನ್ನು ಮಾತ್ರ ತಲೆಮಾರುಗಳ ಆಯ್ಕೆಯಿಂದ ತಡೆದಿದ್ದಾರೆ. ಸಂಘದ ದೊಡ್ಡ ಪಂದ್ಯದ ಅಂತಿಮ ಸುತ್ತಿನಲ್ಲಿ ನಾಯಿ ಹತ್ತು ಕುರಿಗಳ ಒಂದು ಗುಂಪನ್ನು ತಂದು ಬಿಟ್ಟು, ಕಣ್ಣಿಗೆ ಬೀಳದ ಇನ್ನೊಂದು ಗುಂಪಿಗಾಗಿ ಮತ್ತೆ ಹೋಗಬೇಕು. ಇಪ್ಪತ್ತೂ ಸೇರಿದ ಮೇಲೆ ಕೊರಳಪಟ್ಟಿಯ ಐದನ್ನು ಮಾತ್ರ ಬಿಡಿಸಿ ದೊಡ್ಡಿಗೆ ಹಾಕಬೇಕು.

ಇಂಥ ಬೇಟೆಯ ತಲೆಯನ್ನು ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಕೂಡಿಹಾಕಿದರೆ ಏನಾಗುತ್ತದೆ? ಅದಕ್ಕೆ ಕುರಿ ಬೇಕೇ ಬೇಕು, ಇಲ್ಲದಿದ್ದರೆ ಸಿಕ್ಕಿದ್ದನ್ನೇ ಕುರಿ ಮಾಡಿಕೊಳ್ಳುತ್ತದೆ. ಓಡಾಡುವ ಮಕ್ಕಳನ್ನು ಮೂಲೆಗೆ ಸೇರಿಸಿ ಹಿಮ್ಮಡಿ ಕಚ್ಚುತ್ತದೆ. ಸ್ಕೂಟರಿನ ಹಿಂದೆ ಬೀಳುತ್ತದೆ. ನನ್ನ ಬಳಿ ತಂದಿದ್ದ ಒಂದು ನಾಯಿ ಗೋಡೆಯ ಮೇಲೆ ಆಡುವ ಫ್ಯಾನಿನ ನೆರಳನ್ನು ದಿಟ್ಟಿಸುತ್ತಾ ಕೂತರೆ ಊಟಕ್ಕೂ ಏಳುತ್ತಿರಲಿಲ್ಲ. ಮನೆಯವರು ಮೊದಮೊದಲು ನಕ್ಕು ವಿಡಿಯೊ ಮಾಡಿದ್ದರು. ಬರುಬರುತ್ತಾ ಅದು ಬಿಡಿಸಲಾಗದ ಗೀಳಾಯಿತು. ಅವರು ಕೆಟ್ಟವರಲ್ಲ, ಒಳ್ಳೆಯ ಊಟ, ಮೆತ್ತನೆ ಹಾಸಿಗೆ ಎಲ್ಲ ಕೊಟ್ಟಿದ್ದರು. ಕೆಲಸ ಕೊಟ್ಟಿರಲಿಲ್ಲ, ಅಷ್ಟೇ. ಇಂಥ ನಡತೆಯನ್ನು ಚೇಷ್ಟೆ, ಹಟ, ಹುಚ್ಚು ಎಂದು ಬೈಯುವುದು ಅನ್ಯಾಯ. ಅದು ನಿರುದ್ಯೋಗ.

ಹಾಗಾದರೆ ಕುರಿಯಿಲ್ಲದವರು ಸಾಕಲೇಬಾರದೇ? ಸಾಕಬಹುದು, ಕುರಿಯ ಬದಲಿಗೆ ನಿನ್ನ ಸಮಯವನ್ನೇ ಕೊಡಬೇಕು. ಅಮೆರಿಕದಲ್ಲಿ ಜಾನ್ ಪಿಲ್ಲಿ ಎಂಬ ನಿವೃತ್ತ ಮನಃಶಾಸ್ತ್ರ ಪ್ರಾಧ್ಯಾಪಕರು ಚೇಸರ್ ಎಂಬ ಬಾರ್ಡರ್ ಕೋಲಿಗೆ 1022 ಆಟಿಕೆಗಳ ಹೆಸರು ಕಲಿಸಿದರು. ಜನ ಆ ಸಂಖ್ಯೆಗೆ ಬೆರಗಾಗುತ್ತಾರೆ. ಅದರ ಹಿಂದೆ ಮೂರು ವರ್ಷ, ದಿನಕ್ಕೆ ನಾಲ್ಕೈದು ಗಂಟೆಗಳ ಪಾಠವಿತ್ತು ಎಂಬುದನ್ನು ನೀನು ನೆನಪಿಡು. ಅಷ್ಟಲ್ಲದಿದ್ದರೂ ದಿನಾ ಬೆಳಗ್ಗೆ ಸಂಜೆ ಗಂಟೆಗಟ್ಟಲೆ ಓಡಾಟ, ನಡುವೆ ತಲೆಗೆ ಕೆಲಸ, ಇವು ತಪ್ಪಬಾರದು. ಬಚ್ಚಿಟ್ಟ ವಸ್ತುವನ್ನು ವಾಸನೆ ಹಿಡಿದು ಹುಡುಕಿಸು. ಹೆಸರು ಹೇಳಿ ಸಾಮಾನು ತರಿಸು. ದೂರದಿಂದ ಕೈಸನ್ನೆಗೆ ಕೂರುವುದು, ಮಲಗುವುದು, ಕಾಯುವುದನ್ನು ಕಲಿಸು. ಗಂಟೆಗಟ್ಟಲೆ ಚೆಂಡೆಸೆಯುವುದನ್ನು ಮಾತ್ರ ಕೆಲಸವೆಂದು ತಿಳಿಯಬೇಡ. ಅದರಿಂದ ದೇಹ ದಣಿಯುತ್ತದೆ, ಗೀಳು ಬೆಳೆಯುತ್ತದೆ, ತಲೆ ಖಾಲಿಯಾಗಿಯೇ ಉಳಿಯುತ್ತದೆ.

ಕೆಲಸ ಹೇಳಿಕೊಡುವಷ್ಟೇ ಮುಖ್ಯ, ಕೆಲಸ ಮುಗಿಯಿತೆಂದು ಹೇಳಿಕೊಡುವುದು. ಗಡಿಸೀಮೆಯ ಕುರುಬರು ದುಡಿಮೆ ಮುಗಿದೊಡನೆ ‘ದಟ್ಟಿಲ್ ಡೂ’, ಅಂದರೆ ಇಷ್ಟು ಸಾಕು, ಅನ್ನುತ್ತಾರೆ. ನಾಯಿ ಕುರಿಗಳನ್ನು ಬಿಟ್ಟು ತಿರುಗಿ ಬರುತ್ತದೆ. ನೀನೂ ‘ಸಾಕು, ಬಾ’ ಎಂಬುದನ್ನು ಮರಿಯಿದ್ದಾಗಲೇ ಅಭ್ಯಾಸ ಮಾಡಿಸು. ಮಲಗಲು ಒಂದು ಶಾಂತ ಮೂಲೆ ಗೊತ್ತುಮಾಡು. ಇದು ತಾನಾಗಿ ದಣಿವೆನ್ನುವ ನಾಯಿಯಲ್ಲ. ನಿಲ್ಲಿಸುವ ಜವಾಬ್ದಾರಿ ನಿನ್ನದು. ಧ್ವನಿ ಏರಿಸಿ ಬೈದು ಹೊಡೆದು ಕಲಿಸಲು ಹೋಗಬೇಡ. ಸೀಟಿಯ ಸಣ್ಣ ಏರಿಳಿತವನ್ನೂ ಹಿಡಿಯುವ ಕಿವಿ ಅದು. ಒರಟುತನಕ್ಕೆ ಬಲು ಬೇಗ ಮುದುಡಿಕೊಳ್ಳುತ್ತದೆ.

ಇನ್ನು ಮೈಯ ಆರೈಕೆ. ಹಿಮ, ಮಳೆಗೆಂದು ಬೆಳೆದ ಎರಡು ಪದರದ ಕೂದಲು ಅದರದ್ದು. ಬೇಸಿಗೆ ಬಂತೆಂದು ಬೋಳಿಸಬೇಡ. ಹೊರಪದರ ಬಿಸಿಲನ್ನೂ ತಡೆಯುತ್ತದೆ, ಬೋಳಿಸಿದರೆ ಎಷ್ಟೋ ಸಲ ಸರಿಯಾಗಿ ಮತ್ತೆ ಬರುವುದಿಲ್ಲ. ವಾರಕ್ಕೆರಡು ಮೂರು ಬಾರಿ ಬಾಚಿ ಸತ್ತ ಕೂದಲು ತೆಗೆ. ಓಡಾಟವೆಲ್ಲ ಬಿಸಿಲೇರುವ ಮುನ್ನ ಮತ್ತು ಹೊತ್ತಿಳಿದ ಮೇಲೆ. ನಿನ್ನ ಅಂಗೈ ಊರಲಾಗದ ಟಾರು ರಸ್ತೆಯಲ್ಲಿ ಅದರ ಪಾದವೂ ಸುಡುತ್ತದೆ. ವಿಪರೀತ ಏದುಸಿರು, ಅಂಟಾದ ಜೊಲ್ಲು, ಕೆಂಪೇರಿದ ವಸಡು, ತೂರಾಡುವ ನಡೆ ಕಂಡರೆ ತಡಮಾಡದೆ ನೆರಳಿಗೆ ತಂದು ಮಾಮೂಲು ನೀರಿನಿಂದ ಮೈಯೆಲ್ಲ ತೋಯಿಸು, ಗಾಳಿ ಹಾಕು, ಆಸ್ಪತ್ರೆಗೆ ಒಯ್ಯು. ಈ ತಳಿಯ ಕೆಲವು ನಾಯಿಗಳು ಬಿರುಸಿನ ಓಟದ ನಡುವೆ ಕುಸಿಯುವುದೂ ಉಂಟು. ಅಂಥದ್ದನ್ನು ಒಮ್ಮೆ ಕಂಡರೂ ವೈದ್ಯರಿಗೆ ತಿಳಿಸು.

ನಮ್ಮಲ್ಲಿ ಉಣ್ಣಿಯ ಕಾಟ ದೊಡ್ಡದು. ಉಣ್ಣಿಜ್ವರ ನಾಯಿಯ ಪ್ರಾಣ ತೆಗೆಯಬಲ್ಲದು. ಕಿವಿ, ಕಂಕುಳು, ಬೆರಳ ಸಂದುಗಳನ್ನು ದಿನಾ ನೋಡು. ಆದರೆ ಉಣ್ಣಿಗೆಂದೋ ಕಜ್ಜಿಗೆಂದೋ ಯಾರೋ ಹೇಳಿದ ಐವರ್‌ಮೆಕ್ಟಿನ್ ಸೂಜಿ ಹಾಕಿಸಬೇಡ. ಕೋಲಿ ಜಾತಿಯ ಕೆಲವು ನಾಯಿಗಳಲ್ಲಿ ಒಂದು ವಂಶವಾಹಿಯ ದೋಷದಿಂದ ಆ ಔಷಧ ಮಿದುಳಿಗೆ ನುಗ್ಗಿ ವಿಷವಾಗುತ್ತದೆ. ಬಾರ್ಡರ್ ಕೋಲಿಯಲ್ಲಿ ಈ ದೋಷ ಅಪರೂಪ, ಆದರೂ ಇದೆ. ನಾಯಿ ಯಾವ ತಳಿಯೆಂದು ವೈದ್ಯರಿಗೆ ಮೊದಲೇ ಹೇಳು. ರೇಬೀಸ್, ಪಾರ್ವೋ, ಡಿಸ್ಟೆಂಪರ್ ಲಸಿಕೆಗಳನ್ನು ಒಂದೂ ತಪ್ಪಿಸಬೇಡ.

ಮರಿ ಕೊಳ್ಳುವಾಗ ಕಣ್ಣಿಗಿಂತ ವಿವೇಕ ಮುಂದಿರಲಿ. ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು 2017ರ ಕೇಂದ್ರ ನಿಯಮವೇ ಇದೆ. ತಾಯಿನಾಯಿಯನ್ನು ನೋಡದೆ ಕೊಳ್ಳಬೇಡ. ಅದರ ಅಂಜಿಕೆ, ಸಿಡುಕು ಮರಿಗೂ ಬರುತ್ತದೆ. ಸೊಂಟದ ಕೀಲು, ಕಣ್ಣಿನ ದೋಷ, ಮೂರ್ಛೆ ರೋಗದ ವಿಚಾರ ಕೇಳು. ವಂಶವಾಹಿ ಪರೀಕ್ಷೆಯ ಕಾಗದವಿದ್ದರೆ ತೋರಿಸಲು ಹೇಳು. ಮರ್ಲ್ ಎಂಬ ಚುಕ್ಕೆಬಣ್ಣಕ್ಕೆ ಮರುಳಾಗಬೇಡ. ಬಣ್ಣದ ಆಸೆಗೆ ಎರಡು ಮರ್ಲ್ ನಾಯಿಗಳನ್ನು ಕೂಡಿಸಿದರೆ ನಾಲ್ಕರಲ್ಲಿ ಒಂದು ಪಾಲು ಮರಿಗಳಿಗೆ ಎರಡೂ ಕಡೆಯ ಮರ್ಲ್ ಬಂದು, ಕಿವುಡು ಕುರುಡು ತಗಲುವ ಅಪಾಯವಿದೆ.

ಮಗಳೇ, ಇಷ್ಟೆಲ್ಲ ಹೇಳಿದ್ದು ನಿನ್ನ ಉತ್ಸಾಹಕ್ಕೆ ತಣ್ಣೀರೆರಚಲು ಅಲ್ಲ. ಬೆಳಗ್ಗೆ ಎಂಟಕ್ಕೆ ಆಫೀಸಿಗೆ ಹೊರಟು ರಾತ್ರಿ ಮರಳುವ ಬದುಕು ನಿನ್ನದಾದರೆ ಈ ನಾಯಿಯನ್ನು ತರಬೇಡ. ಬೀದಿಯ ಒಂದು ನಾಡನಾಯಿಮರಿಗೆ ಮನೆ ಕೊಡು, ಅದು ನಮ್ಮ ಹವೆಗೆ ಹೊಂದಿದ್ದು, ಪ್ರೀತಿಯಲ್ಲಿ ಯಾವುದಕ್ಕೂ ಕಡಿಮೆಯಲ್ಲ. ಹನ್ನೆರಡರಿಂದ ಹದಿನೈದು ವರ್ಷ, ಮಳೆಯಿರಲಿ ಚಳಿಯಿರಲಿ, ದಿನಕ್ಕೆ ಎರಡು ಮೂರು ಗಂಟೆ ಅದರ ಪಾಲಿಗೆ ಎತ್ತಿಡಬಲ್ಲೆ ಎಂದಾದರೆ ಧೈರ್ಯವಾಗಿ ತಾ. ತರುವ ಮುನ್ನ ಮೂರು ತಿಂಗಳು ದಿನಾ ಬೆಳಗ್ಗೆ ಸಂಜೆ ಅಷ್ಟು ಹೊತ್ತು ನೀನೊಬ್ಬಳೇ ನಡೆದು ನೋಡು. ಒಂದು ದಿನವೂ ತಪ್ಪದಿದ್ದರೆ ಮರಿ ನೋಡಲು ಜೊತೆಗೆ ನಾನೂ ಬರುತ್ತೇನೆ.