ದೊಡ್ಡ ಆರು, ಚಿಕ್ಕ ಆರು: ‘ಆಧಾರಗಳು’ ಪಾಠಕ್ಕೊಂದು ಜಾಡಿ

ಎಂಟನೆಯ ತರಗತಿಯ ಇತಿಹಾಸದ ಮೊದಲ ಪಾಠ ‘ಆಧಾರಗಳು’. ಬೋಧನಾಭ್ಯಾಸಕ್ಕೆ ಇದನ್ನು ಇಷ್ಟಪಟ್ಟು ಆರಿಸಿಕೊಳ್ಳುವವರು ಕಡಿಮೆ. ಶಾಸನ, ನಾಣ್ಯ, ಸ್ಮಾರಕ ಎಂದು ವರ್ಗೀಕರಣ ಬರೆಸಿದರೆ ಅವಧಿ ಮುಗಿಯುತ್ತದೆ, ಮಕ್ಕಳು ಪಟ್ಟಿಯನ್ನು ಬಾಯಿಪಾಠ ಮಾಡುತ್ತಾರೆ. ಆಧಾರವನ್ನೂ ಪ್ರಶ್ನಿಸಬಹುದೆಂಬುದು ಮಾತ್ರ ಅವರಿಗೆ ಹೊಳೆಯುವುದಿಲ್ಲ. ಕಲ್ಲಿನ ಮೇಲೆ ಬರೆದಿದೆ, ಆದ್ದರಿಂದ ನಿಜ! ಈ ನಂಬಿಕೆಯನ್ನು ಸ್ವಲ್ಪ ಅಲುಗಾಡಿಸಲು ನಾನು ಬಳಸಿದ ಸಾಮಗ್ರಿ ಅಮೆರಿಕದ ಒಂದು ನೀರಿನ ಜಾಡಿ.

ಮಿಷಿಗನ್ ಮತ್ತು ಮಿನೆಸೋಟ ವಿಶ್ವವಿದ್ಯಾಲಯಗಳ ಫುಟ್‌ಬಾಲ್ ತಂಡಗಳು 1903ರ ಅಕ್ಟೋಬರ್ 31ರಂದು ಮಿನಿಯಾಪೊಲಿಸ್‌ನಲ್ಲಿ ಎದುರಾದವು. (ಅಲ್ಲಿನ ಫುಟ್‌ಬಾಲ್‌ನಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಇದನ್ನು ಮೊದಲೇ ಹೇಳದಿದ್ದರೆ ತರಗತಿ ಅಲ್ಲೇ ನಿಲ್ಲುತ್ತದೆ.) ಫೀಲ್ಡಿಂಗ್ ಯೋಸ್ಟ್ ತರಬೇತಿಯ ಮಿಷಿಗನ್ 1901 ಮತ್ತು 1902ರಲ್ಲಿ ಆಡಿದ ಎಲ್ಲ ಪಂದ್ಯಗಳನ್ನೂ ಗೆದ್ದಿತ್ತು. ಅಂದು ಮಾತ್ರ 6–6ರ ಸಮಬಲ. ಮಿನೆಸೋಟ ಸರಿಗಟ್ಟಿದ ಕೂಡಲೇ ಪ್ರೇಕ್ಷಕರು ಮೈದಾನಕ್ಕೆ ನುಗ್ಗಿ, ಆಟ ಅಲ್ಲಿಗೇ ನಿಂತಿತು. ಮಿಷಿಗನ್‌ನವರು ಕುಡಿಯುವ ನೀರಿಗೆಂದು ಆ ಊರಿನಲ್ಲೇ ಮೂವತ್ತು ಸೆಂಟಿಗೆ ಕೊಂಡಿದ್ದ ಜಾಡಿ ಮೈದಾನದಲ್ಲೇ ಉಳಿಯಿತು. ಅಲ್ಲಿನ ಕೆಲಸಗಾರ ಆಸ್ಕರ್ ಮನ್ಸನ್‌ಗೆ ಅದು ಸಿಕ್ಕಿತು. ಮಿನೆಸೋಟದವರು ಅದರ ಮೇಲೆ, ಮನ್ಸನ್ ‘ವಶಪಡಿಸಿಕೊಂಡ’ ಮಿಷಿಗನ್ ಜಾಡಿ ಎಂದು ತಾರೀಖಿನೊಡನೆ ಬರೆಸಿದರು. ಅಂಕಗಳನ್ನೂ ಬರೆಸಿದರು: ತಮ್ಮ 6 ದೊಡ್ಡದು, ಮಿಷಿಗನ್‌ನ 6 ಪುಟ್ಟದು. ಎರಡೂ ತಂಡಗಳು ಮತ್ತೆ ಆಡಿದ್ದು 1909ರಲ್ಲಿ. ಮಿಷಿಗನ್ 15–6ರಿಂದ ಗೆದ್ದು ಜಾಡಿಯನ್ನು ಒಯ್ದಿತು. ಗೆದ್ದವರು ಒಯ್ಯುವ ಪದ್ಧತಿ ಇಂದಿಗೂ ಇದೆ. ಅದರ ಹೆಸರು ‘ಲಿಟಲ್ ಬ್ರೌನ್ ಜಗ್’.

ಇಷ್ಟನ್ನೂ ನಾನು ಮೊದಲೇ ಹೇಳಲಿಲ್ಲ. ಕಪ್ಪುಹಲಗೆಯ ಮೇಲೆ ಜಾಡಿಯ ಚಿತ್ರ, ಅದರೊಳಗೆ ಆ ಎರಡು ಆರು, ಅಷ್ಟೇ. “ಯಾರು ಗೆದ್ದರು?” ಎಂದು ಕೇಳಿದೆ. ಹೆಚ್ಚಿನವರು ದೊಡ್ಡ ಆರನ್ನು ತೋರಿಸಿದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಮಿಸ್, ಎರಡೂ ಆರೇ ಅಲ್ವಾ?” ಎಂದಳು. ಅಲ್ಲಿಂದ ಪಾಠ ತಾನೇ ನಡೆಯಿತು. ಬರೆದವರು ಯಾರು? ‘ವಶಪಡಿಸಿಕೊಂಡ’ ಎನ್ನಬೇಕಾದರೆ ಜಗಳವಾಗಿರಬೇಕಲ್ಲವೇ? ಮರೆತು ಹೋದದ್ದು ಎನ್ನುವವರಿದ್ದಾರೆ. ಜಾಡಿ ಕೊಂಡಿದ್ದ ವಿದ್ಯಾರ್ಥಿ ವ್ಯವಸ್ಥಾಪಕ ಟಾಮಿ ರಾಬರ್ಟ್ಸ್, ಅದರ ಕೆಲಸ ಮುಗಿದಿತ್ತು, ಬೇಕೆಂದೇ ಬಿಟ್ಟುಬಂದೆವು ಎಂದು ದಶಕಗಳ ನಂತರ ಹೇಳಿದ್ದಾರೆ. ಒಂದು ಜಾಡಿ, ಮೂರು ಮಾತು. ಯಾವುದನ್ನು ನಂಬುವುದೆಂದು ಮಕ್ಕಳು ವಾದಿಸಿದರು. 6–6 ಎಂಬುದನ್ನು ಮಾತ್ರ ಇಬ್ಬರೂ ಒಪ್ಪುತ್ತಾರೆ, ಆದ್ದರಿಂದ ಅದು ಗಟ್ಟಿ ಎಂಬ ತೀರ್ಮಾನಕ್ಕೆ ಅವರೇ ಬಂದರು.

ವಿಮರ್ಶಾ ಸಭೆಯಲ್ಲಿ ಮಾರ್ಗದರ್ಶಕರು ಕೇಳಿದ ಪ್ರಶ್ನೆ ಸರಿಯಾದದ್ದೇ: ಐಹೊಳೆ ಶಾಸನ ಇರುವಾಗ ಅಮೆರಿಕದ ಜಾಡಿ ಯಾಕೆ? ನನ್ನ ಅನಿಸಿಕೆ ಇದು. ಇಮ್ಮಡಿ ಪುಲಕೇಶಿ ನಮ್ಮವನು. ಅವನ ಗೆಲುವನ್ನು ಪ್ರಶ್ನಿಸಿದರೆ ಮಕ್ಕಳು ಮುನಿಯುತ್ತಾರೆ, ಶಿಕ್ಷಕರೂ ಹಿಂಜರಿಯುತ್ತಾರೆ. ಮಿಷಿಗನ್ ಗೆದ್ದರೂ ಸೋತರೂ ನಮಗೇನೂ ಇಲ್ಲ. ಅಲ್ಲಿ ಕಲಿತ ಪ್ರಶ್ನೆಗಳನ್ನು ಎರಡನೆಯ ಅವಧಿಯಲ್ಲಿ ಐಹೊಳೆಗೆ ಒಯ್ದೆ. 634ರ ಆ ಶಾಸನವನ್ನು ರಚಿಸಿದ ರವಿಕೀರ್ತಿ ಪುಲಕೇಶಿಯ ಆಶ್ರಯದ ಕವಿ. ಹರ್ಷನ ಹರ್ಷ ಕರಗಿತು ಎಂದು ಅವನು ಬರೆದದ್ದು ‘ದೊಡ್ಡ ಆರು’ ಇರಬಹುದೇ ಎಂದು ಒಬ್ಬ ಹುಡುಗ ಕೇಳಿದ. ಆಗ ಹ್ಯೂಯೆನ್ ತ್ಸಾಂಗ್‌ನನ್ನು ತಂದೆ. ಹರ್ಷನ ಆದರ ಪಡೆದಿದ್ದ ಆ ಯಾತ್ರಿಕನೂ, ಹರ್ಷನಿಗೆ ಪುಲಕೇಶಿಯ ನಾಡನ್ನು ಮಣಿಸಲಾಗಲಿಲ್ಲ ಎಂದೇ ಬರೆದಿದ್ದಾನೆ. ಪುಲಕೇಶಿ ಪ್ರಶ್ನೆಗೆ ಗುರಿಯಾಗಿಯೂ ಉಳಿದುಕೊಂಡ. ತರಗತಿ ನಿರಾಳವಾಯಿತು, ಸ್ವಲ್ಪ ಮಟ್ಟಿಗೆ ನಾನೂ.

ಮೌಲ್ಯಮಾಪನಕ್ಕೆ ಬಿಟ್ಟಸ್ಥಳ ತುಂಬಿಸಲಿಲ್ಲ. ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿರುವ ಶೀಲ್ಡುಗಳನ್ನು ನೋಡಿ, ಬರೆದವರು ಯಾರು, ಏನನ್ನು ಬಿಟ್ಟಿದ್ದಾರೆ ಎಂದು ಬರೆದು ತರಲು ಹೇಳಿದೆ. ಈ ಪಾಠ ಮಾಡಬಯಸುವವರು ಎರಡನೆಯ ಅವಧಿಯಲ್ಲಿ ಚರ್ಚೆಗೆ ಹತ್ತು ನಿಮಿಷ ಹೆಚ್ಚಿಟ್ಟುಕೊಳ್ಳಿ. ಹರ್ಷನ ಪರವಾಗಿ ವಾದಿಸಲು ಒಬ್ಬರಾದರೂ ಎದ್ದು ನಿಲ್ಲುತ್ತಾರೆ.