ಚಳ್ಳಕೆರೆ, ಮೊಳಕಾಲ್ಮೂರು ಮತ್ತು ಪಾಸ್‌ವರ್ಡ್ ಹ್ಯಾಶ್

ಮಿನಿ ಪ್ರಾಜೆಕ್ಟ್ ಅಂದ ಮೇಲೆ ನಾವೆಲ್ಲ ಒಂದಲ್ಲ ಒಂದು ಲಾಗಿನ್ ಪುಟ ಬರೆದೇ ಬರೆಯುತ್ತೇವೆ. ಮೊಳಕಾಲ್ಮೂರಿನ ನೇಕಾರರು ರೇಷ್ಮೆ ಸೀರೆಗಳನ್ನು ನೇರವಾಗಿ ಮಾರಲಿ ಅಂತ ಒಂದು ವೆಬ್‌ಸೈಟ್ ಮಾಡಿದೆವು ಅಂದುಕೊಳ್ಳೋಣ. ಅಲ್ಲಿ ಕೊಡೋ ಪಾಸ್‌ವರ್ಡ್ ಎಷ್ಟೋ ಜನರ ಇಮೇಲ್‌ಗೂ ಅದೇ ಆಗಿರುತ್ತೆ. ನಮ್ಮ ಡೇಟಾಬೇಸ್ ಸೋರಿದರೆ ಹೋಗೋದು ಸೀರೆ ಆರ್ಡರ್ ಪಟ್ಟಿ ಮಾತ್ರ ಅಲ್ಲ.

ಅದಕ್ಕೇ ಪಾಸ್‌ವರ್ಡನ್ನು ಇದ್ದ ಹಾಗೆ ಇಡದೆ ಹ್ಯಾಶ್ ಮಾಡಿ ಇಡಬೇಕು. ಹ್ಯಾಶ್ ಅಂದರೆ ಚಳ್ಳಕೆರೆಯ ಎಣ್ಣೆ ಮಿಲ್ ಇದ್ದಂತೆ: ಶೇಂಗಾ ಹಾಕಿದರೆ ಎಣ್ಣೆ ಬರುತ್ತೆ, ಎಣ್ಣೆ ಸುರಿದರೆ ಶೇಂಗಾ ಬರಲ್ಲ. ಲಾಗಿನ್ ಆಗುವಾಗ ಬಂದ ಪಾಸ್‌ವರ್ಡನ್ನೂ ಅದೇ ಮಿಲ್ಲಿಗೆ ಹಾಕಿ, ಹೊರಬಂದದ್ದನ್ನು ಹೋಲಿಸಿದರೆ ಆಯಿತು. ತೊಂದರೆ ಏನಂದರೆ ಕಳ್ಳನ ಹತ್ತಿರವೂ ಅದೇ ಮಿಲ್ ಇದೆ. ಜನ ಸಾಮಾನ್ಯವಾಗಿ ಇಡುವ ಪಾಸ್‌ವರ್ಡ್‌ಗಳನ್ನೆಲ್ಲ ಅವನೂ ಹ್ಯಾಶ್ ಮಾಡಿ ಹೊಂದಿಸಿ ನೋಡುತ್ತಾನೆ. 2012ರಲ್ಲಿ ಲಿಂಕ್ಡ್‌ಇನ್‌ನ ಸುಮಾರು 65 ಲಕ್ಷ ಹ್ಯಾಶ್‌ಗಳು ಹೊರಬಿದ್ದಾಗ ಆದದ್ದೂ ಇದೇ. ಅವು ಎಸ್‌ಎಚ್‌ಎ-1 ಹ್ಯಾಶ್‌ಗಳು, ಅದೂ ಸಾಲ್ಟ್ ಇಲ್ಲದೆ. ಸಾಲ್ಟ್ ಅಂದರೆ ಪ್ರತಿ ಬಳಕೆದಾರರಿಗೂ ಬೇರೆ ಬೇರೆಯಾಗಿ ಸೇರಿಸುವ ರ‍್ಯಾಂಡಮ್ ಬೈಟ್‌ಗಳು. ಇಬ್ಬರ ಪಾಸ್‌ವರ್ಡ್ ಒಂದೇ ಆದರೂ ಹ್ಯಾಶ್ ಬೇರೆ ಬರುತ್ತೆ. ಇನ್ನು ಎಸ್‌ಎಚ್‌ಎ ವೇಗ ಜಾಸ್ತಿ, ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ನೂರಾರು ಕೋಟಿ ಊಹೆ ಮಾಡಬಲ್ಲದು. ಬೇಕಂತಲೇ ನಿಧಾನ ಮಾಡಿರುವ ಬಿಕ್ರಿಪ್ಟ್ 1999ರಿಂದಲೂ ಇದೆ. ಆರ್ಗಾನ್2 ಎಂಬುದು 2015ರಲ್ಲಿ ಪಾಸ್‌ವರ್ಡ್ ಹ್ಯಾಶಿಂಗ್ ಸ್ಪರ್ಧೆ ಗೆದ್ದದ್ದು. ಇಷ್ಟು ಎಲ್ಲ ಟ್ಯುಟೋರಿಯಲ್‌ನಲ್ಲೂ ಸಿಗುತ್ತೆ.

ಅಷ್ಟಾಗಿ ಸಿಗದಿರೋದು ಕನ್ನಡದಲ್ಲಿ ಪಾಸ್‌ವರ್ಡ್ ಇಟ್ಟವರ ಪಾಡು. ಹ್ಯಾಶ್‌ಗೆ ಅಕ್ಷರ ಕಾಣಲ್ಲ, ಬೈಟ್ ಮಾತ್ರ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ‘ಚಳ್ಳಕೆರೆ’ ನೋಡೋಕೆ ನಾಲ್ಕೇ ಅಕ್ಷರ. ಹಲಂತ, ಎತ್ವ ಎಲ್ಲ ಎಣಿಸಿದರೆ 8 ಸಂಕೇತ, ಅಂದರೆ 24 ಬೈಟ್. ಬಿಕ್ರಿಪ್ಟ್ ಬಳಸೋದು ಮೊದಲ 72 ಬೈಟ್ ಮಾತ್ರ. ಮೂರು ಸಲ ‘ಚಳ್ಳಕೆರೆ’ ಬರೆದರೆ ಅಲ್ಲಿಗೆ ಭರ್ತಿ! ಅದರ ಮುಂದೆ ಹುಟ್ಟಿದ ವರ್ಷ ಸೇರಿಸಿದರೂ ಎಷ್ಟೋ ಲೈಬ್ರರಿಗಳು ಸದ್ದಿಲ್ಲದೆ ಕತ್ತರಿಸಿಬಿಡುತ್ತವೆ, ವರ್ಷ ತಪ್ಪು ಕೊಟ್ಟರೂ ಲಾಗಿನ್ ಆಗುತ್ತೆ. ಕೆಲವು ಎರರ್ ಕೊಡುತ್ತವೆ, ಅದೇ ವಾಸಿ.

ಮೊಳಕಾಲ್ಮೂರಿನದು ಇನ್ನೂ ಸೂಕ್ಷ್ಮ. ‘ಮುರು’ನೋ ‘ಮೂರು’ನೋ ಅನ್ನೋ ಬೋರ್ಡಿನ ಜಗಳ ಬಿಡಿ. ಮೊದಲ ಅಕ್ಷರ ‘ಮೊ’ ನೋಡಿ. ಅದರ ಒತ್ವ ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇರಬಹುದು, ಎತ್ವ ಮತ್ತು ಕೊಂಬಿನ ದೀರ್ಘ ಎಂಬ ಎರಡು ಸಂಕೇತಗಳಾಗಿಯೂ ಇರಬಹುದು. ಪರದೆ ಮೇಲೆ ಎಳ್ಳಷ್ಟೂ ವ್ಯತ್ಯಾಸ ಕಾಣಲ್ಲ. ಆದರೆ ಊರಿನ ಹೆಸರು ಒಂದು ರೂಪದಲ್ಲಿ 33 ಬೈಟ್, ಇನ್ನೊಂದರಲ್ಲಿ 36. ಹ್ಯಾಶ್ ಪೂರ್ತಿ ಬೇರೆ. ಮೊಬೈಲ್ ಒಂದು ರೂಪ, ಕಂಪ್ಯೂಟರ್ ಇನ್ನೊಂದು ರೂಪ ಕಳಿಸಿದರೆ ಸರಿಯಾಗಿ ಟೈಪ್ ಮಾಡಿದ ನೇಕಾರರಿಗೆ ‘ಪಾಸ್‌ವರ್ಡ್ ತಪ್ಪು’ ಅಂತ ಬರುತ್ತೆ. ನಾಲ್ಕು ಸಲ ಹೀಗಾದರೆ ಅವರು ಕನ್ನಡ ಬಿಟ್ಟು 123456 ಇಡುತ್ತಾರೆ, ಕಳ್ಳ ಮೊದಲು ಊಹಿಸೋದೂ ಅದನ್ನೇ.

ಪರಿಹಾರ ಒಂದೇ ಸಾಲಿನ ಕೋಡ್. ಖಾತೆ ತೆರೆಯುವಾಗಲೂ ಲಾಗಿನ್‌ನಲ್ಲೂ ಹ್ಯಾಶ್ ಮಾಡುವ ಮೊದಲು ಯುನಿಕೋಡ್ ನಾರ್ಮಲೈಸೇಶನ್ ಮಾಡಬೇಕು, ಎರಡೂ ಕಡೆ ಒಂದೇ ಬಗೆಯದು. ಪೈಥಾನ್, ಜಾವಾಸ್ಕ್ರಿಪ್ಟ್ ಎರಡರಲ್ಲೂ ಇದು ಸಿದ್ಧವಾಗೇ ಇದೆ. ಆರ್ಗಾನ್2ಗೆ 72 ಬೈಟ್‌ನ ಮಿತಿ ಇಲ್ಲ, ಹಾಗಾಗಿ ಕನ್ನಡದ ಬಳಕೆದಾರರಿದ್ದರೆ ನಮ್ಮ ಓಟು ಅದಕ್ಕೇ. ಟೆಸ್ಟ್ ಕೇಸ್ ಬರೆಯುವಾಗ ‘ಮೊಳಕಾಲ್ಮೂರು’ ಎರಡೂ ರೂಪದಲ್ಲಿ ಇರಲಿ, ‘ಚಳ್ಳಕೆರೆ’ ನಾಲ್ಕು ಸಲ.